ಎಂಟು ವಾರ ನೋಡುವವರು ಯಾರು?

ನಾಯಿಯ ಮಂಡಿಗೂ ಆಪರೇಷನ್ನೇ ಎಂದು ತಿಪಟೂರು ಸೀಮೆಯಲ್ಲಿ ನಗುವವರು ಈಗಲೂ ಇದ್ದಾರೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ನಾಯಿ ಕುಂಟಿದರೆ ತೆಂಗಿನ ಮರದ ಬುಡದಲ್ಲಿ ಬಿದ್ದಿರುತ್ತದೆ. ಹಾಕಿದ ಮುದ್ದೆ ತಿನ್ನುತ್ತದೆ, ವಾಸಿಯಾದರೆ ಆಯಿತು. ಪೇಟೆಯ ಮನೆಗಳಲ್ಲಿ ಈಗ ಲ್ಯಾಬ್ರಡಾರ್‌ಗಳು ಬಂದಿವೆ. ಮಗುವಿನಂತೆ ಸಾಕಿದ ಮೇಲೆ ಹಾಗೇ ಬಿಡಲು ಮನಸ್ಸು ಬರುವುದಿಲ್ಲ.

ಆಟಗಾರರ ಮಂಡಿಯ ಲಿಗಮೆಂಟು ಒಮ್ಮೆಲೇ ಹರಿಯುತ್ತದೆ. ನಾಯಿಗಳಲ್ಲಿ ಅದು ಹೆಚ್ಚಾಗಿ ಬಾವಿಯ ಹಗ್ಗದಂತೆ ಎಳೆಎಳೆಯಾಗಿ ಸವೆದು ಒಂದು ದಿನ ಹರಿಯುತ್ತದೆ. ಆಮೇಲೆ ಹೆಜ್ಜೆ ಊರಿದಾಗಲೆಲ್ಲ ಕೆಳಗಿನ ಮೂಳೆ ಮುಂದಕ್ಕೆ ಜಾರುತ್ತದೆ. ಕೀಲಿನ ಹೊರಗಿನಿಂದ ಗಟ್ಟಿ ನೈಲಾನ್ ದಾರ ಬಿಗಿದು ಇದನ್ನು ತಡೆಯುವುದು ಹಳೆಯ ಉಪಾಯ. ದಾರ ಸಡಿಲವಾಗುವ ಹೊತ್ತಿಗೆ ಸುತ್ತಲಿನ ಅಂಗಾಂಶವೇ ಗಡುಸಾಗಿ ಕೀಲನ್ನು ಹಿಡಿದುಕೊಂಡಿರುತ್ತದೆ. ಇನ್ನೊಂದು ಟಿಪಿಎಲ್ಓ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ ಇದನ್ನು ರೂಪಿಸಿ 1993ರಲ್ಲಿ ಪ್ರಕಟಿಸಿದರು. ಇಳಿಜಾರಾದ ಮೂಳೆಯ ತಲೆಯನ್ನೇ ಕಮಾನಿನಂತೆ ಕೊಯ್ದು, ತಿರುಗಿಸಿ, ಮಟ್ಟಕ್ಕೆ ತಂದು ಪ್ಲೇಟು, ಸ್ಕ್ರೂ ಹಾಕುತ್ತಾರೆ. ಖರ್ಚು ಹೆಚ್ಚು, ಪಳಗಿದ ಕೈಯೇ ಬೇಕು.

ಯಾವುದು ಮೇಲು? 80 ನಾಯಿಗಳನ್ನು ಒಂದು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂಳೆ ಕೊಯ್ಸಿಕೊಂಡ ನಾಯಿಗಳೇ ಕಾಲನ್ನು ಚೆನ್ನಾಗಿ ಊರಿದವು. ಹತ್ತಕ್ಕೆ ಒಂಬತ್ತಾದರೂ ಅಂಕ ಕೊಟ್ಟ ಯಜಮಾನರು ಅಲ್ಲಿ ಶೇ. 93, ದಾರ ಕಟ್ಟಿಸಿದವರಲ್ಲಿ ಶೇ. 75. ನಾಯಿಯ ತೃಪ್ತಿಯನ್ನು ಕೇಳಲಾಗದು, ಒಪ್ಪೋಣ. ಆದರೆ ಅಂಕ ಕೊಡುವ ಯಜಮಾನರೂ ಆರೈಕೆ ಮಾಡುವವರೂ ಒಬ್ಬರೇ ಆಗಿರಬೇಕಲ್ಲ!

ನಮ್ಮ ಎದುರುಮನೆಯ ಲ್ಯಾಬ್ರಡಾರ್‌ಗೆ ಹೀಗಾದಾಗ ಬೆಂಗಳೂರಿನ ಮಗ ಫೋನಿನಲ್ಲೇ ತೀರ್ಮಾನ ಮಾಡಿದ. “ದುಡ್ಡಿನ ಯೋಚನೆ ಬೇಡಮ್ಮ, ಬೆಸ್ಟ್ ಆಪರೇಷನ್ನೇ ಆಗಲಿ.” ಅವನ ಪ್ರೀತಿ ಸುಳ್ಳಲ್ಲ. ಆದರೆ ಆಪರೇಷನ್ ಎಂಬುದು ಒಂದು ಬೆಳಗಿನ ಕೆಲಸ, ಎಂಟು ವಾರದ ಆರೈಕೆ ಅದರ ಹಿಂದೆ ಬರುತ್ತದೆ. ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು. ಉಚ್ಚೆಗೂ ಬೆಲ್ಟು ಹಿಡಿದೇ ಕರೆದೊಯ್ಯಬೇಕು, ಮೊದಲ ದಿನಗಳಲ್ಲಿ ಹೊಟ್ಟೆಯಡಿ ಟವೆಲು ಹಾಕಿ ಎತ್ತಬೇಕು. ಮೂವತ್ತು ಕೆ.ಜಿ. ನಾಯಿ! ಅರವತ್ತು ದಾಟಿದ ಆ ಅಮ್ಮ ಜಗಲಿಯಲ್ಲಿ ಕೂತು ನನಗೆ ಹೇಳಿದ್ದು: “ಅದರ ಮಂಡಿಗೆ ಪ್ಲೇಟು, ನನ್ನ ಮಂಡಿಗೆ ಕೊಬ್ರಿ ಎಣ್ಣೆ ಕಣಮ್ಮ.”

ನಕ್ಕೆವು. ಆದರೆ ಯಾವ ಚಿಕಿತ್ಸೆ ಸರಿ ಎಂಬ ಪ್ರಶ್ನೆಯೊಳಗೆ ಯಾರ ಸೊಂಟ ಬಗ್ಗಬೇಕು ಎಂಬುದೂ ಸೇರಿಲ್ಲದಿದ್ದರೆ ಅದು ಅರ್ಧ ಪ್ರಶ್ನೆ ಎಂದೇ ನನಗನ್ನಿಸುತ್ತದೆ. ಹಾಗೆಂದು ಏನೂ ಮಾಡದಿರುವುದು ದೊಡ್ಡ ನಾಯಿಗೆ ದಾರಿಯಲ್ಲ. 1984ರ ಇನ್ನೊಂದು ಅಧ್ಯಯನದಲ್ಲಿ ಆಪರೇಷನ್ ಇಲ್ಲದೆ ಸುಧಾರಿಸಿದವು 15 ಕೆ.ಜಿ.ಗಿಂತ ಹಗುರವಾದವುಗಳಲ್ಲಿ ಶೇ. 85ಕ್ಕೂ ಹೆಚ್ಚು, ಅದಕ್ಕಿಂತ ಭಾರದವುಗಳಲ್ಲಿ ಶೇ. 19 ಮಾತ್ರ. ಬಡಕಲು ತೋಟದ ನಾಯಿಯ ವಿಷಯದಲ್ಲಿ ನಮ್ಮವರದು ಬರೀ ಕಲ್ಲುಮನಸ್ಸಲ್ಲ. (ವಾಸಿಯಾಗದವನ್ನು ಯಾರೂ ಲೆಕ್ಕ ಇಟ್ಟಿಲ್ಲ, ಅದೂ ನಿಜ.)

ಒಂದು ಮಂಡಿ ಹೋದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಒಂದೆರಡು ವರ್ಷದಲ್ಲಿ ಇನ್ನೊಂದೂ ಹೋಗುತ್ತದಂತೆ. ಎದುರುಮನೆಯ ಅಮ್ಮನಿಗೆ ಇದನ್ನು ಡಾಕ್ಟರೇ ಹೇಳಿದ್ದಾರೆ. “ಹೋಗ್ಲಿ ಬಿಡು,” ಎಂದರು ಅವರು, ನಾಯಿಯ ಕಿವಿ ಸವರುತ್ತಾ. “ಆಗ ಮಾಡ್ಸೋಣ. ಎಂಟು ವಾರ ರಜಾ ಹಾಕ್ಕೊಂಡು ಅವನೇ ಬರ್ಲಿ.”