ಅಣ್ಣತಮ್ಮರೊಳಗ ಕಾಗದ ಯಾಕ?

ಬಾಳೆಹೊಸೂರು ದಿಂಗಾಲೇಶ್ವರ ಮಠದ ಊರು. ಅಲ್ಲಿಯವರು ಕಾಗದಪತ್ರದ ಕೆಲಸಕ್ಕೆ ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಾರೆ. ಆ ಲಕ್ಷ್ಮೇಶ್ವರ ಪೊರಿಗೆರೆ ಎನಿಸಿಕೊಂಡಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 725ರಲ್ಲಿ, ಅಲ್ಲೊಂದು ಕರಾರು ಕಲ್ಲಿನ ಮೇಲೇರಿತು. ಬರೆದುಕೊಟ್ಟವನು ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ. ಪಡೆದವರು ಊರಿನ ಮಹಾಜನರು, ನಗರದವರು ಮತ್ತು ಹದಿನೆಂಟು ಪ್ರಕೃತಿಗಳು, ಅಂದರೆ ಪ್ರಜಾವರ್ಗಗಳು. ಅದರ ಹೆಸರು ‘ಆಚಾರವ್ಯವಸ್ಥೆ’. ಯಾವ ತರದ ಮನೆ ಎಷ್ಟು ತೆರಬೇಕು, ಅರಸಿನ ಅಧಿಕಾರಿಗಳು ಏನೇನನ್ನು ಕಾಯಬೇಕು ಎಂಬುದು ಅದರಲ್ಲಿ ಬಿಡಿಬಿಡಿಯಾಗಿದೆ. ತಾಮ್ರಶಾಸನಗಳನ್ನು ಕಾಯಬೇಕು, ಅನುಭವಿಸುತ್ತ ಬಂದ ಭೋಗವನ್ನು ಕಾಯಬೇಕು, ಜನವಾಸವಿಲ್ಲದ ಮನೆಗಳನ್ನೂ ಕಾಯಬೇಕು. ಪರದೇಶದಲ್ಲಿ ಕುಳಿತು ಊರಮನೆಯ ಬೀಗದ ಚಿಂತೆ ಮಾಡುವ ನಮ್ಮಂಥವರಿಗೆಂದೇ ಬರೆದಂತಿದೆ ಆ ಕೊನೆಯ ಮಾತು. ಮುಂದೆ ಪಟ್ಟವೇರುವವನೇ ಬರೆದುಕೊಟ್ಟ, ಅವನ ಗೌರವಕ್ಕೇನೂ ಕುಂದು ಬರಲಿಲ್ಲ.

ನಮ್ಮ ಮನೆಗಳಲ್ಲಿ ಮಾತ್ರ ಬರೆ ಎಂದರೆ ಮುಖ ಬಾಡುತ್ತದೆ. ಲಕ್ಷ್ಮೇಶ್ವರದಲ್ಲೊಂದು ಪ್ಲಾಟು ಹಿಡಿಯೋಣ, ಗದಗಿನಲ್ಲೊಂದು ಮಳಿಗೆ ನೋಡೋಣ ಎಂದು ಫೋನು ಬರುತ್ತದೆ. ದುಡ್ಡು ನಮ್ಮದು, ಓಡಾಟ ತಮ್ಮನದು. ಖರೀದಿ ಯಾರ ಹೆಸರಿಗೆ, ಮಾರಿದರೆ ಯಾರಿಗೆಷ್ಟು ಎಂದು ಕೇಳಿದರೆ ಅವ್ವನೇ ಅಡ್ಡ ಬರುತ್ತಾಳೆ: “ಅಣ್ಣತಮ್ಮರೊಳಗ ಕಾಗದ ಯಾಕೋ ಯಪ್ಪಾ?” ತಮ್ಮ ಮೋಸಗಾರನಲ್ಲ, ನಿಜ. ಆದರೆ ಆಡಿದವರು, ಕೇಳಿದವರು ತೀರಿಕೊಂಡ ಮೇಲೆ ಅವರ ಮಕ್ಕಳ ಕೈಯಲ್ಲಿ ಉಳಿಯುವುದು ಉತಾರದಲ್ಲಿರುವ ಹೆಸರೊಂದೇ.

ಕಾನೂನಂತೂ ಇನ್ನೂ ಬಿಗಿ. ಪೂರಾ ದುಡ್ಡು ಕೊಟ್ಟು ತಮ್ಮನೊಬ್ಬನ ಹೆಸರಿಗೆ ಪ್ಲಾಟು ಬರೆಸಿದರೆ ಅದು ಬೇನಾಮಿ ಎನಿಸಬಹುದು. ಬೇನಾಮಿ ಎನಿಸಿದ ಆಸ್ತಿ ನನ್ನದೆಂದು ದಾವೆ ಹೂಡಲೂ ಬರುವುದಿಲ್ಲ, ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಲೂಬಹುದು. 2016ರಲ್ಲಿ ತಿದ್ದುಪಡಿಯಾದ ಕಾಯ್ದೆ ಅಣ್ಣತಮ್ಮ, ಅಕ್ಕತಂಗಿಯರಿಗೆ ವಿನಾಯಿತಿ ಕೊಟ್ಟಿದೆ. ಆದರೆ ಇಬ್ಬರ ಹೆಸರೂ ಜಂಟಿ ಮಾಲೀಕರೆಂದು ದಾಖಲೆಯಲ್ಲಿರಬೇಕು, ಹಣದ ಮೂಲ ತಿಳಿದಿರಬೇಕು. ಹಾಗಾಗಿ ಆಮೇಲೆ ಬಾಂಡ್ ಪೇಪರಿನಲ್ಲಿ ಗುಟ್ಟಾಗಿ ಬರೆಸಿಕೊಳ್ಳುವ ಜಾಣತನ ಕೆಲಸಕ್ಕೆ ಬಾರದು. ಹೊಲದ ಮಾತು ಬೇರೆ. ಪಿತ್ರಾರ್ಜಿತವಾಗಿ ಬಂದದ್ದನ್ನು ಅನಿವಾಸಿಗಳು ಇಟ್ಟುಕೊಳ್ಳಬಹುದು. ಹೊಸದಾಗಿ ಕೃಷಿಭೂಮಿ ಕೊಳ್ಳಲು ವಿದೇಶಿ ವಿನಿಮಯ ನಿಯಮಗಳು ಸಾಮಾನ್ಯವಾಗಿ ಬಿಡುವುದಿಲ್ಲ. ತಮ್ಮನ ಹೆಸರು ಮುಂದೆ ಮಾಡಿ ಈ ಬೇಲಿ ಹಾರುವವರು ಸಿಕ್ಕಿಬೀಳಬಹುದು.

ಸಂಚಕಾರ ಕೊಟ್ಟು ಕರಾರುಪತ್ರ ಬರೆಸಿಕೊಂಡರೂ ಜಾಗ ನಿಮ್ಮದಾಗದು. ನೂರು ರೂಪಾಯಿ ಮೇಲ್ಪಟ್ಟ ಆಸ್ತಿಯ ಖರೀದಿಪತ್ರ ನೋಂದಣಿಯಾಗಲೇಬೇಕು, ಇದು 1908ರಿಂದ ಇರುವ ಕಾಯ್ದೆ. ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲಿನ ಮಾರಾಟದಿಂದ ಮಾಲೀಕತ್ವ ಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿತು. ಇನ್ನು ಬೆಂಗಳೂರಿನ ಫ್ಲ್ಯಾಟು: ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) ವ್ಯಾಪ್ತಿಯ ಬಿಲ್ಡರು ನೋಂದಾಯಿತ ಕರಾರು ಮಾಡಿಕೊಡದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ವಾಟ್ಸಾಪ್‌ನಲ್ಲಿ ಬಂದ ರಸೀದಿ ನೋಡಿ ಕಾಲುಭಾಗ ಕಳಿಸಿಬಿಡಬೇಡಿ.

ಈ ಸಲ ಊರಿಗೆ ಹೋದಾಗ, ಜಾಗ ನೋಡುವ ಮೊದಲು, ತಮ್ಮನನ್ನು ಕೂಡಿಸಿಕೊಂಡು ಯಾರ ದುಡ್ಡು ಎಷ್ಟು, ಯಾರ ಪಾಲು ಎಷ್ಟು ಎಂದು ಅವ್ವನ ಎದುರಿನಲ್ಲೇ ಬರೆಯಿರಿ; ಖರೀದಿಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಹೋಗಲಾಗದವರು ಅಧಿಕಾರಪತ್ರಕ್ಕೆ ಭಾರತೀಯ ದೂತಾವಾಸದಲ್ಲೋ ನೋಟರಿಯ ಎದುರೋ ಸಹಿ ಹಾಕಿ ಕಳಿಸಿ. ಅದು ಭಾರತ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.