ವಿಜೆಟ್ ದೋಷವೂ ಯಥಾರ್ಥಖ್ಯಾತಿಯೂ

ಡೆಸ್ಕ್‌ಟಾಪ್ ಪ್ರೋಗ್ರಾಂ ಒಂದರ ಕಿಟಕಿಯಲ್ಲಿ ‘ಉಳಿಸು’ ಎಂಬ ಬಟನ್ ಕಾಣುತ್ತದೆ; ಒತ್ತಿದರೆ ಏನೂ ಆಗುವುದಿಲ್ಲ. ಇಲ್ಲಿ ಕಂಡದ್ದು ಸುಳ್ಳೇ, ಕಂಡವನ ಎಣಿಕೆ ಸುಳ್ಳೇ? ಕಪ್ಪೆಚಿಪ್ಪು ಬೆಳ್ಳಿಯಂತೆ ತೋರುವುದನ್ನು ಮುಂದಿಟ್ಟುಕೊಂಡು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದು ಇದನ್ನೇ. ಒಂದು ಇನ್ನೊಂದಾಗಿ ತೋರುತ್ತದೆ ಎಂದರು ನೈಯಾಯಿಕರು. ತೋರಿದ ಬೆಳ್ಳಿ ಇದೆಯೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು ಎಂದರು ಅದ್ವೈತಿಗಳು.

ಕೆ.ಆರ್. ನಗರ ಸೀಮೆಯ ಸಾಲಿಗ್ರಾಮಕ್ಕೆ ಈ ವಾದದ ಮೂರನೆಯ ಪಕ್ಷದೊಡನೆ ನಂಟಿದೆ. ಚೋಳನಾಡು ಬಿಟ್ಟು ಹೊಯ್ಸಳರ ನಾಡಿಗೆ ಬಂದ ರಾಮಾನುಜರು ಅಲ್ಲಿ ತಂಗಿದ್ದರು, ಶಿಷ್ಯ ವಡುಗನಂಬಿ ಆ ಊರಿನವರು ಎಂಬುದು ಶ್ರೀವೈಷ್ಣವ ಪರಂಪರೆಯ ನಂಬಿಕೆ. ಶ್ರೀಭಾಷ್ಯದ ಮೊದಲ ಅಧಿಕರಣದಲ್ಲೇ ರಾಮಾನುಜರು ಎಲ್ಲ ಜ್ಞಾನವೂ ಯಥಾರ್ಥವೆಂದು ಸಾಧಿಸುತ್ತಾರೆ. ಪಂಚೀಕರಣದಿಂದಾಗಿ ಎಲ್ಲದರಲ್ಲೂ ಎಲ್ಲದರ ಅಂಶ ಬೆರೆತಿದೆ. ಚಿಪ್ಪಿನಲ್ಲಿ ಬೆಳ್ಳಿಯ ಅಂಶವೂ ಉಂಟು. ಕಣ್ಣಿಗೆ ಬಿದ್ದದ್ದು ಇದ್ದದ್ದೇ. ಆದರೆ ಹೆಚ್ಚಿರುವ ಚಿಪ್ಪಿನ ಅಂಶ ಕಾಣದೆ ಹೋದದ್ದರಿಂದ ವ್ಯವಹಾರ ಕೆಟ್ಟಿತು.

ವಿಜೆಟ್ ದೋಷ, ಅಂದರೆ ಬಟನ್, ಪಠ್ಯಪೆಟ್ಟಿಗೆಯಂಥ ಕಿಟಕಿಯ ಭಾಗಗಳ ದೋಷ ಹುಡುಕುವವರು, ತಿಳಿದೋ ತಿಳಿಯದೆಯೋ, ಈ ಪಕ್ಷವನ್ನೇ ಹಿಡಿಯಬೇಕಾಗುತ್ತದೆ. ಬಟನ್ ಮೇಲೆ ಏನನ್ನೂ ಚಿತ್ರಿಸದ ಇನ್ನೊಂದು ವಿಜೆಟ್ ಹರಡಿಕೊಂಡಿದ್ದರೆ ಕಣ್ಣಿಗೆ ಬಟನ್ ಕಾಣುತ್ತದೆ, ಕ್ಲಿಕ್ ಮಾತ್ರ ಮೇಲಿನದಕ್ಕೆ ಹೋಗುತ್ತದೆ. ಬಟನ್ ನಿಜ, ಕ್ಲಿಕ್ ನಿಜ, ಅದು ಮುಟ್ಟಿದ ವಸ್ತುವೂ ನಿಜ. ಪ್ರೋಗ್ರಾಂ ಬರೆದಂತೆಯೇ ನಡೆದಿದೆ. ಬಟನ್‌ನ ಕೋಡನ್ನು ಎಷ್ಟು ಸಲ ಓದಿದರೂ ಅಲ್ಲಿ ತಪ್ಪು ಸಿಗುವುದಿಲ್ಲ, ಏಕೆಂದರೆ ಅಲ್ಲಿ ತಪ್ಪಿಲ್ಲ. 2014ರಲ್ಲಿ ಜಿಟಿಕೆ ಎಂಬ ವಿಜೆಟ್ ಸಂಗ್ರಹದ 3.14ನೇ ಆವೃತ್ತಿಯೊಡನೆ ಬಂದ ಇನ್‌ಸ್ಪೆಕ್ಟರ್‌ನಂಥ ಸಾಧನಗಳು ಮಾಡುವ ಉಪಕಾರ ಇಷ್ಟೇ: ಯಾವುದರೊಳಗೆ ಯಾವುದಿದೆ, ಯಾವುದು ಎಷ್ಟು ಅಗಲ ಎಂದು ಕಾಣದ ಅಂಶವನ್ನೂ ಕಾಣಿಸುವುದು. ಕಂಡದ್ದನ್ನು ಅವು ಅಲ್ಲಗಳೆಯುವುದಿಲ್ಲ.

ಹೆಪ್ಪುಗಟ್ಟಿದ ಕಿಟಕಿಗೆ ಮಾತ್ರ ಮೀಮಾಂಸಕ ಪ್ರಭಾಕರನ ವಿವರಣೆ ಹೆಚ್ಚು ಒಪ್ಪುತ್ತದೆ. ‘ಇದು’ ಎಂಬುದು ಪ್ರತ್ಯಕ್ಷ, ‘ಬೆಳ್ಳಿ’ ಎಂಬುದು ಸ್ಮೃತಿ. ಎರಡರ ಭೇದ ಹೊಳೆಯದಿರುವುದೇ ಭ್ರಮೆ ಎಂದವನು ಆತ. ಮುಖ್ಯ ಥ್ರೆಡ್ ದೀರ್ಘ ಲೆಕ್ಕಾಚಾರದಲ್ಲಿ ಸಿಕ್ಕಿಕೊಂಡರೆ ಈವೆಂಟ್ ಲೂಪ್ ನಿಲ್ಲುತ್ತದೆ, ಪರದೆ ಮತ್ತೆ ಚಿತ್ರಿತವಾಗುವುದಿಲ್ಲ. ಈಗ ನೋಡುತ್ತಿರುವುದು ಹಿಂದಿನ ಸ್ಥಿತಿಯ ಚಿತ್ರವನ್ನು. ಒಂದು ವ್ಯತ್ಯಾಸವುಂಟು: ಇಲ್ಲಿ ನೆನಪು ನೋಡುವವನದಲ್ಲ, ಪರದೆಯದು. ಪ್ರಭಾಕರ ಇದನ್ನು ಒಪ್ಪುತ್ತಿದ್ದನೋ ಇಲ್ಲವೋ, ಭೇದಾಗ್ರಹವಂತೂ ಅದೇ.

ಬ್ರೇಕ್‌ಪಾಯಿಂಟ್ ಇನ್ನಷ್ಟು ಕಠಿಣವಾದ ಪ್ರಶ್ನೆಯನ್ನು ಎತ್ತುತ್ತದೆ. ಪಠ್ಯಪೆಟ್ಟಿಗೆಯ ಫೋಕಸ್ ಯಾಕೆ ತಪ್ಪುತ್ತದೆಂದು ನೋಡಲು ಪ್ರೋಗ್ರಾಂ ನಿಲ್ಲಿಸಿದರೆ ಡೀಬಗರ್ ಕಿಟಕಿ ಮುಂದೆ ಬಂದು, ಆ ಕಾರಣದಿಂದಲೇ ಫೋಕಸ್ ತಪ್ಪುತ್ತದೆ. ಪ್ರಮಾಣವೇ ಪ್ರಮೇಯವನ್ನು ಬದಲಿಸಿತು. ಹೀಗಾಗಿ ಅನುಭವಸ್ಥರು ಪ್ರೋಗ್ರಾಂ ನಿಲ್ಲಿಸದೆ ಲಾಗ್ ಬರೆಸುತ್ತಾರೆ, ಇಲ್ಲವೇ ಡೀಬಗರ್ ಅನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಕೂರಿಸುತ್ತಾರೆ.

ಒಬ್ಬರ ಕಂಪ್ಯೂಟರಿನಲ್ಲಿ ಮಾತ್ರ ತೋರುವ ದೋಷವನ್ನು ಭ್ರಮೆಯೆಂದು ತಳ್ಳಿಹಾಕುವ ಚಾಳಿ ಪ್ರೋಗ್ರಾಮರ್‌ಗಳಲ್ಲಿ ಹೆಚ್ಚು. ಆದರೆ ಸ್ವಪ್ನದ ವಸ್ತುಗಳೂ ನಿಜ, ಕಾಣುವವನ ಕರ್ಮಕ್ಕೆ ತಕ್ಕಂತೆ ಅವನೊಬ್ಬನಿಗಾಗಿ, ಅಷ್ಟು ಹೊತ್ತಿಗೆ ಮಾತ್ರ ಈಶ್ವರ ಸೃಷ್ಟಿಸಿದವು ಎನ್ನುತ್ತಾರೆ ರಾಮಾನುಜರು. ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಉಳಿಸು’ ಖಾಲಿ ಚೌಕಗಳಾಗಿ ಕಾಣುವುದು ಅಂಥದೇ ನಿಜ. ಬರೆದವರ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗದು. ಮೈಸೂರಿನ ಎಂ. ಹಿರಿಯಣ್ಣನವರು (1871–1950) ಭಾರತೀಯ ತತ್ತ್ವಶಾಸ್ತ್ರವನ್ನು ಕುರಿತ 1932ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ರಾಮಾನುಜರ ಮತವನ್ನು ವಿವರಿಸುತ್ತ, ಜ್ಞಾನ ವಸ್ತುವಿಗೆ ಹೊಂದಿದರೆ ಸಾಲದು, ಬದುಕಿನಲ್ಲಿ ಉಪಯೋಗಕ್ಕೂ ಬರಬೇಕೆಂಬ ಎರಡನೆಯ ಷರತ್ತನ್ನು ಎತ್ತಿ ತೋರಿಸಿದ್ದಾರೆ. ಆ ಷರತ್ತಿನ ಪ್ರಕಾರ ಖಾಲಿ ಚೌಕಗಳು ಸುಳ್ಳಲ್ಲದಿದ್ದರೂ ಅಪ್ರಮಾಣ: ಫೈಲ್ ಉಳಿಸಬೇಕಾದವರಿಗೆ ಯಾವುದನ್ನು ಒತ್ತಬೇಕೆಂಬುದನ್ನು ಅವು ತಿಳಿಸುವುದಿಲ್ಲ.