ಅನುಮತಿ ಇಲ್ಲದ ಕ್ಯಾಮೆರಾ

ಇಂದು ಕ್ಯಾಮೆರಾ ಪ್ರತಿಯೊಬ್ಬ ಯುವಕನ ಜೇಬಿನಲ್ಲಿದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಮಕ್ಕಳು ಒಂದುಗೂಡಿ ತಮ್ಮ ಊರಿನ ಬದುಕನ್ನು ಕಿರುಚಿತ್ರವಾಗಿಸಲು ಬಯಸಿದರೆ ದೊಡ್ಡ ಬಂಡವಾಳವೇನೂ ಬೇಕಾಗಿಲ್ಲ. ಹೀಗೆ ಹೊರಟ ಮಕ್ಕಳಿಗೆ ನೀವು ಏನು ಹೇಳುವಿರಿ? ಸಿನಿಮಾ ಎಂದೊಡನೆ ಗದರಿಸುವ ಹೆತ್ತವರಿದ್ದಾರೆ. ಮಕ್ಕಳಿಗೆ ಹೆಸರು ಬಂದರೆ ಸಾಕೆಂದು ಹಿಗ್ಗುವವರೂ ಇದ್ದಾರೆ. ಇವರಿಬ್ಬರೂ ಮರೆಯುವ ಪ್ರಶ್ನೆಯೊಂದಿದೆ: ಚಿತ್ರದಲ್ಲಿ ಕಾಣಿಸುವ ಮುಖ ಯಾರ ಸೊತ್ತು?

ನಮ್ಮ ಕರಾವಳಿಯ ಬದುಕು ಚಿತ್ರವಾಗಲು ಯೋಗ್ಯವೆಂಬುದರಲ್ಲಿ ಸಂಶಯವಿಲ್ಲ. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 2008ರಲ್ಲಿ ತೆರೆಗೆ ತಂದ 'ಗುಲಾಬಿ ಟಾಕೀಸ್' ಕುಂದಾಪುರದ ಕಡಲತಡಿಯ ಮುಸ್ಲಿಮ್ ಸೂಲಗಿತ್ತಿಯೊಬ್ಬಳ ಕಥೆ. ಆಕೆಯ ಮನೆಗೆ ಬಂದ ಟಿ.ವಿ. ನೆರೆಕರೆಯ ಹೆಂಗಸರನ್ನು ಒಂದೇ ಸೂರಿನಡಿ ಕೂರಿಸುತ್ತದೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ನೆರೆಕರೆಯಲ್ಲಿ ಸಂಶಯ ಹೊಗೆಯಾಡುತ್ತದೆ. 2011ರ ಚಿತ್ರಗಳ ರಾಷ್ಟ್ರಪ್ರಶಸ್ತಿಗಳಲ್ಲಿ ಬ್ಯಾರಿ ಭಾಷೆಯ 'ಬ್ಯಾರಿ' ಚಿತ್ರವು ಮರಾಠಿಯ 'ದೇವೂಳ್' ಜೊತೆ ಅತ್ಯುತ್ತಮ ಚಿತ್ರವೆನಿಸಿತು. ಆದರೆ ಇವುಗಳಲ್ಲಿದ್ದವರು ನಟರು. ಮಕ್ಕಳು ನೆರೆಯವರನ್ನೇ ಚಿತ್ರಿಸುವಾಗ ಅಲ್ಲಿರುವವರು ನಟರಲ್ಲ, ನಾಳೆಯೂ ಅದೇ ಓಣಿಯಲ್ಲಿ ತಲೆಯೆತ್ತಿ ನಡೆಯಬೇಕಾದ ಮನುಷ್ಯರು.

ಕಾರ್ಕಳದಲ್ಲಿ ಒಬ್ಬ ಅಜ್ಜಿ ಬೀಡಿ ಕಟ್ಟುತ್ತಾ ಕುಳಿತಿದ್ದಾರೆಂದು ಭಾವಿಸಿ. "ಅಜ್ಜೀ, ಸ್ವಲ್ಪ ವಿಡಿಯೋ ತೆಗೀತೇವೆ" ಎಂದು ಮೊಮ್ಮಗ ಹೇಳಿದಾಗ ಅವರು ಸೆರಗು ಸರಿಪಡಿಸಿಕೊಂಡು ನಗುತ್ತಾರೆ. ಅದು ಅನುಮತಿಯೇ? ಮೊಮ್ಮಗನಿಗೆ ಬೇಡವೆನ್ನಲು ಅಜ್ಜಿಗೆ ಮನಸ್ಸು ಬಾರದು. ರೇಷನ್ ಕಿಟ್ ಪಡೆಯುವ ವಿಧವೆಗೆ ಕೊಡುವವರ ಕ್ಯಾಮೆರಾವನ್ನು ತಡೆಯುವ ಧೈರ್ಯ ಬಾರದು. ಬೇಡವೆನ್ನಲು ಆಗದವರ ಮೌನವನ್ನು ಒಪ್ಪಿಗೆಯೆಂದು ಬಗೆಯುವುದು ಅನ್ಯಾಯವಲ್ಲವೇ?

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು (24:27-28) ಸಲಾಮ್ ಹೇಳಿ ಅನುಮತಿ ಪಡೆಯದೆ ಪರರ ಮನೆ ಪ್ರವೇಶಿಸಬಾರದೆಂದು ಕಲಿಸುತ್ತದೆ. ಮರಳಿ ಹೋಗಿರೆಂದರೆ ಮರಳಬೇಕೆಂದೂ ಆದೇಶಿಸುತ್ತದೆ. ಅಂದರೆ ನಿರಾಕರಿಸುವ ಹಕ್ಕು ಮನೆಯವರಿಗಿದೆ. "ನಮ್ಮವರೇ ತಾನೇ, ಕೇಳುವುದೇನು?" ಎನ್ನುವವರಿಗೂ ಅಲ್ಲಿ ಉತ್ತರವಿದೆ: ಪ್ರಾಯಕ್ಕೆ ಬಂದ ಸ್ವಂತ ಮಕ್ಕಳೂ ಅನುಮತಿ ಕೇಳಬೇಕು (24:59). ಮನೆಯೊಳಗೆ ಕಾಲಿಡಲು ಇಷ್ಟು ಶಿಷ್ಟಾಚಾರವಿರುವಾಗ, ಆ ಮನೆಯನ್ನು ಸಾವಿರಾರು ಅಪರಿಚಿತರ ಮುಂದಿಡಲು ಇನ್ನೆಷ್ಟು ಬೇಕು!

ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸಮೀಪದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ಕ್ಯಾಮೆರಾ ಹಿಡಿಯಲು ಕಲಿತರು. ಮೇಲಿನಿಂದ ಕೆಳಗೆ ನೋಡುವ ದೃಶ್ಯಕ್ಕೆ ಅವರಿಟ್ಟ ಹೆಸರು 'ಪಟೇಲ ಶಾಟ್'. ಜಮೀನ್ದಾರ ಆಳನ್ನು ನೋಡುವ ನೋಟವದು. ಸಮಾನ ಎತ್ತರದ ದೃಶ್ಯ 'ಸಂಘಂ ಶಾಟ್'. ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಕುಳಿತಂತೆ. ಎಷ್ಟು ಅರ್ಥಪೂರ್ಣ! ಆ ಬೀಡಿ ಕಟ್ಟುವ ಅಜ್ಜಿಯನ್ನು ನಿಂತು ಚಿತ್ರಿಸುವ ಹುಡುಗ ತನಗರಿವಿಲ್ಲದೆ ಪಟೇಲನಾಗುತ್ತಾನೆ. ಅವನು ಮೊದಲು ಚಾಪೆಯ ಮೇಲೆ ಕುಳಿತುಕೊಳ್ಳಲಿ.

ಹಾಗಾದರೆ ಸಮಾಜದ ಕೆಡುಕುಗಳನ್ನು ತೋರಿಸಬಾರದೇ? ಖಂಡಿತ ತೋರಿಸಬೇಕು. ವರದಕ್ಷಿಣೆಯ ಹಿಂಸೆಯ ಬಗ್ಗೆ ಚಿತ್ರ ಮಾಡಿ. ಆದರೆ ಕೆಡುಕನ್ನು ಬಯಲಿಗೆಳೆಯುವುದು ಬೇರೆ, ಅದಕ್ಕೆ ಗುರಿಯಾದವಳನ್ನು ಬಯಲಿಗೆಳೆಯುವುದು ಬೇರೆ. ಆಕೆ ಬಯಸದಿದ್ದರೆ ಮುಖ ಬೇಡ, ಹೆಸರೂ ಬೇಡ. ಧ್ವನಿಯಿಂದ ಗುರುತು ಸಿಗುವುದಾದರೆ ಆಕೆಯ ಮಾತನ್ನು ಬೇರೊಬ್ಬರು ಓದಲಿ.

ಪ್ರಿಯ ಹೆತ್ತವರೇ, ಮಕ್ಕಳನ್ನು ತಡೆಯಬೇಡಿ; ಈ ಶಿಸ್ತನ್ನು ಕಲಿಸಿ. ಚಿತ್ರ ಮುಗಿದ ಮೇಲೆ ಸ್ಪರ್ಧೆಗೆ ಕಳುಹಿಸುವ ಮೊದಲು ಅದರಲ್ಲಿರುವವರನ್ನು ಕರೆದು ತೋರಿಸಲಿ. "ಇದನ್ನು ತೆಗೆಯಿರಿ ಮಕ್ಕಳೇ" ಎಂದು ಅವರಲ್ಲಿ ಯಾರಾದರೂ ಹೇಳಿದರೆ, ಅದೇ ಚಿತ್ರದ ಅತಿ ಸುಂದರ ದೃಶ್ಯವಾಗಿದ್ದರೂ ತೆಗೆಯಲಿ. ಬಹುಮಾನ ಕೈತಪ್ಪಬಹುದು. ಆದರೆ ನಂಬಿ ಬಾಗಿಲು ತೆರೆದವರ ಮಾನವು ನಮ್ಮ ಕೈಯಲ್ಲಿರುವ ಅಮಾನತ್ತು. ಅದರ ಲೆಕ್ಕವನ್ನು ಅಲ್ಲಾಹನ ಮುಂದೆ ಒಪ್ಪಿಸಬೇಕಾಗಿದೆ.